ಕರೆಯದ ಹೆಸರು

ಸೋಮವಾರ ಬೆಳಿಗ್ಗೆ ಅಂಕೋಲಾ ಪೇಟೆಯಲ್ಲಿ ಮೊಗೆಕಾಯಿ ಬುಟ್ಟಿ ಇಳಿಸುತ್ತಿದ್ದ ಕಮಲಿಯ ಗಂಡ, ಬುಟ್ಟಿ ನೆಲಕ್ಕೆ ತಾಗುವ ಮೊದಲೇ ತಾನು ನೆಲಕ್ಕೆ ಬಿದ್ದ. ಕೂಗಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ, ನೀರು ಕೇಳಲಿಲ್ಲ. ಮಾರಲು ತಂದಿದ್ದ ದಪ್ಪ ಸೌತೆಯಂಥ ಆ ಕಾಯಿಗಳು ರಸ್ತೆಯುದ್ದಕ್ಕೂ ಉರುಳಿದವು. ಕಮಲಿ ಮೊದಲು ಅವನ್ನೇ ಹೆಕ್ಕಲು ಹೋದಳು. ಇದನ್ನು ನೆನೆದು ಅವಳು ಆಮೇಲೆ ಎಷ್ಟು ಸಲ ತಲೆ ಚಚ್ಚಿಕೊಂಡಳೋ ಲೆಕ್ಕವಿಲ್ಲ, ಆದರೆ ಆ ಗಳಿಗೆಯಲ್ಲಿ ಯಾರಿಗೆ ಗೊತ್ತಿರುತ್ತದೆ ಹೇಳಿ. ಗಂಡ ಎಡವಿದ ಎಂದುಕೊಂಡಿದ್ದಳು, ಅಷ್ಟೇ.

ಕಾರವಾರದ ಕಡಲ ದಂಡೆಯಲ್ಲಿ ಜೀವರಕ್ಷಕನ ಕೆಲಸ ಮಾಡುವ ಸಂದೀಪ ಎನ್ನುವವನು ಅಲ್ಲೇ ಬಸ್ಸಿಗೆ ನಿಂತಿದ್ದ. ಅವನು ಚೀಲ ಬಿಸಾಡಿ ಓಡಿ ಬಂದ. ಬಿದ್ದವನ ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಿದ, ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಎದೆಯ ನಡುವೆ ಒತ್ತತೊಡಗಿದ. ಒತ್ತುವುದೆಂದರೆ ಅಂತಿಂಥ ಒತ್ತುವುದಲ್ಲ. ಪಕ್ಕೆಲುಬು ಲಟಕ್ಕೆಂದದ್ದು ಕಮಲಿಗೆ ಕೇಳಿಸಿತು. ಅವಳು ಅವನ ಅಂಗಿ ಹಿಡಿದು ಜಗ್ಗಿದಳು.

"ಬಿಡಾ, ಸಾಯಿಸ್ತ್ಯಾ ಅವ್ರ್ನ?"

"ಸತ್ತೇ ಹೋಗವ್ರೆ ಅಕ್ಕಾ," ಎಂದ ಅವನು, ಕೈ ನಿಲ್ಲಿಸದೆ, ತಲೆ ಎತ್ತದೆ. "ತಿರ್ಗಾ ಕರ್ಕಂಡ್ ಬರೂಕೆ ನೋಡ್ತಾ ಇದ್ದೆ. ಅಂಗಿ ಬಿಡು."

ಕಮಲಿ ಬಿಟ್ಟಳು. ಆಂಬುಲೆನ್ಸ್ ಬಂದು, ಎದೆಗೆ ಎರಡು ಸಲ ಕರೆಂಟು ಕೊಟ್ಟ ಮೇಲೆ ಹೃದಯವೇನೋ ಬಡಿಯಿತು. ಬಿದ್ದಾಗಿನಿಂದ ಅಷ್ಟೊತ್ತಿಗೆ ಇಪ್ಪತ್ತು ನಿಮಿಷದ ಮೇಲಾಗಿತ್ತು. ಗಾಡಿ ಕಾರವಾರದ ದಾರಿ ಹಿಡಿಯಿತು. ಅವರ್ಸಾ ದಾಟುವಾಗ ಹೆದ್ದಾರಿಯಿಂದ ಒಳಗೆ ತಮ್ಮ ಕೊಪ್ಪಕ್ಕೆ, ಎಂದರೆ ತಮ್ಮ ಜನರ ಕೇರಿಗೆ, ಹೋಗುವ ಮಣ್ಣಿನ ರಸ್ತೆ ಕಂಡಿತು. ಕಮಲಿ ಆ ಕಡೆ ಮುಖ ತಿರುಗಿಸಲಿಲ್ಲ.

ಆಸ್ಪತ್ರೆಯಲ್ಲಿ ಐಸಿಯು ಬಾಗಿಲಲ್ಲಿ ದೀಪಾಲಿ ಎಂಬ ನರ್ಸ್ ಕಾಗದ ಹಿಡಿದು ನಿಂತಿದ್ದಳು. ಕಾರವಾರದವಳು, ಕೊಂಕಣಿಯ ರಾಗದಲ್ಲಿ ಕನ್ನಡ ಮಾತಾಡುತ್ತಾಳೆ.

"ಗಂಡನ ಹೆಸರೆಂತ ಅಕ್ಕಾ?"

ಕಮಲಿ ಬಾಯಿ ಬಿಡಲಿಲ್ಲ. ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದು ಕೈಗಿಟ್ಟಳು. ಅದರಲ್ಲಿ ಮಹಾಬಲೇಶ್ವರ ಗೌಡ ಎಂದಿತ್ತು. ದೀಪಾಲಿ ಅದನ್ನೇ ಬರೆದುಕೊಂಡಳು, ಮಂಚದ ತಲೆಗೂ ಅದನ್ನೇ ಹಚ್ಚಿದಳು.

ಈ ಮಹಾಬಲೇಶ್ವರ ಎಂಬುದು ಶಾಲೆಯ ಮಾಸ್ತರರು ಕೊಟ್ಟ ಹೆಸರು. ಹುಟ್ಟಿದ ವಾರದ ಹೆಸರನ್ನು ಮಗುವಿಗೆ ಇಡುವುದೂ ಕೊಪ್ಪದಲ್ಲಿ ಉಂಟು, ಮಾಸ್ತರರಿಗೆ ಅದು ಹೆಸರು ಅನ್ನಿಸಲಿಲ್ಲವೋ ಏನೋ, ಒಂದು ಭಾರೀ ಹೆಸರು ಹುಡುಕಿ ರಿಜಿಸ್ಟರಿಗೆ ಏರಿಸಿದರು. ಎರಡನೇ ಇಯತ್ತೆಗೇ ಅವನು ಶಾಲೆ ಬಿಟ್ಟ, ಹೆಸರು ಕಾಗದದಲ್ಲೇ ಉಳಿಯಿತು. ರೇಶನ್ ಅಂಗಡಿಯವನನ್ನು ಬಿಟ್ಟರೆ ಅವನನ್ನು ಹಾಗೆ ಕರೆದವರು ಈ ಭೂಮಿಯ ಮೇಲೆ ಇಲ್ಲ. ಹಾಗಾದರೆ ನಿಜವಾದ ಹೆಸರು ಯಾವುದು ಎಂದು ಈಗಲೇ ಕೇಳಬೇಡಿ. ಇದು ಕಮಲಿಯ ಕಥೆ. ಅವಳ ಬಾಯಿಗೆ ಬಾರದ ಹೆಸರು ನಮ್ಮ ಬಾಯಿಗೂ ಸದ್ಯ ಬೇಡ.

ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ಅವಳು. ಮನೆಯಲ್ಲಿ "ಹೋಯ್" ಎನ್ನುತ್ತಿದ್ದಳು, ಹೊರಗಿನವರ ಎದುರು "ಭಾರತಿ ಅಪ್ಪ" ಎನ್ನುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅತ್ತೆ ಮದುವೆಯಾದ ದಿನವೇ ಹೇಳಿಕೊಟ್ಟಿದ್ದಳು. ಮಗಳು ಭಾರತಿ ಇದನ್ನು ಕೇಳಿ ನಗುತ್ತಾಳೆ, ತನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಕಾಲ ಬದಲಾಗಿದೆ, ಆಗಲಿ. ಕಮಲಿಯ ನಾಲಿಗೆ ಬದಲಾಗಿರಲಿಲ್ಲ.

ಅವರ ಕೊಪ್ಪದಲ್ಲಿ ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರುವುದು ಒಂದೇ ಸಲ. ಅವನು ಹೋದ ದಿನ ತಲೆಯ ಹತ್ತಿರ ಕೂತು ಅವನನ್ನು ಹೆಸರು ಹಿಡಿದು ಕೂಗುತ್ತಾಳೆ. ಅದು ಕಿವಿಗೆ ಬಿದ್ದ ಕೂಡಲೇ ಎಲ್ಲ ಮನೆಗಳ ಒಲೆಗೂ ನೀರು ಬೀಳುತ್ತದೆ. ಯಾರು ಹೋದರು ಎಂದು ಕೇಳುವ ಕೆಲಸವೇ ಇಲ್ಲ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ನಾಗು ಗದ್ದೆಯಲ್ಲಿ ಬಿದ್ದ ಗಂಡನ ತಲೆ ತೊಡೆಯ ಮೇಲಿಟ್ಟು "ಬೀರಾ" ಎಂದು ಕೂಗಿದಾಗ, ಕುದಿಯುತ್ತಿದ್ದ ಅನ್ನದ ಒಲೆಗೆ ಕಮಲಿಯೇ ಚೆಂಬು ನೀರು ಸುರಿದಿದ್ದಳು. ಬೀರನೂ ಹೀಗೆಯೇ ಬಿದ್ದವನು. ಅವನ ಎದೆ ಒತ್ತುವವರು ಮಾತ್ರ ಯಾರೂ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಡಾಕ್ಟರ್ ಸುಜಯ ಅವಳನ್ನು ಕರೆದು ತಿಳಿಸಿ ಹೇಳಿದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ.

"ನೋಡಿ ಅಮ್ಮ, ಹೃದಯ ಮತ್ತೆ ನಡೀತಾ ಇದೆ. ತೊಂದರೆ ಮೆದುಳಿಂದು. ಅಷ್ಟೊತ್ತು ಅದಕ್ಕೆ ರಕ್ತ ಸರಿಯಾಗಿ ಹೋಗಲಿಲ್ಲ. ಈಗ ಅದು ಊದಿಕೊಳ್ಳಬಾರದು ಅಂತ ಒಂದು ದಿನ ಮೈಯನ್ನು ತಣ್ಣಗೆ ಇಡ್ತೇವೆ. ನಿದ್ದೆ ಔಷಧಿ ಕೊಟ್ಟಿರ್ತೇವೆ. ಆಮೇಲೆ ನಿಧಾನ ಬೆಚ್ಚಗೆ ಮಾಡಿ, ಔಷಧಿ ನಿಲ್ಲಿಸಿ, ಮೂರು ದಿನ ಕಾಯಬೇಕು."

"ಏಳ್ತ್ರಾ?"

"ಈಗಲೇ ಹೇಳಿದ್ರೆ ಸುಳ್ಳಾಗ್ತದೆ. ಶನಿವಾರ ಹೇಳ್ತೇನೆ."

ಶನಿವಾರ. ಕಮಲಿ ಅದನ್ನು ಸೆರಗಿನ ಗಂಟಿನಂತೆ ಕಟ್ಟಿಕೊಂಡು ಐಸಿಯು ಬಾಗಿಲ ಪಕ್ಕದ ನೆಲದ ಮೇಲೆ ಕೂತಳು. ಕುರ್ಚಿಗಳಿದ್ದವು, ಬಾಗಿಲಿಂದ ದೂರ. ಅಲ್ಲಿ ಕೂತರೆ ಒಳಗಿನವರು ಕರೆದದ್ದು ಕೇಳಿಸದಿದ್ದರೆ ಏನು ಗತಿ. ಭಾರತಿ ಕೇಣಿಯ ಗಂಡನ ಮನೆಯಲ್ಲಿ ಹನ್ನೊಂದು ದಿನದ ಬಾಣಂತಿ, ಬರುವ ಹಾಗಿಲ್ಲ. ಮನೆ, ದನ, ಒಲೆ ಎಲ್ಲವನ್ನೂ ತಾನು ನೋಡಿಕೊಳ್ಳುತ್ತೇನೆಂದು ನಾಗು ಹೇಳಿ ಕಳಿಸಿದ್ದಳು.

ಮಂಗಳವಾರ ಗಂಡನ ಅಣ್ಣ ಬೊಮ್ಮು ಬಂದ. ಒಳಗೆ ಬಿಟ್ಟದ್ದು ಐದು ನಿಮಿಷ. ಹೊರಗೆ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕಮಲೀ, ಕಾಲ್ ಮುಟ್ಟಿ ನೋಡ್ದೆ. ಮಂಜಿನ್ ಗಡ್ಡೆ ಆಗದೆ. ಮೊಣಕಾಲ್ ತಂಕ ಏರದೆ."

"ಅವ್ರೇ ತಣ್ಣಗೆ ಮಾಡದ್ದು ಬಾವ. ಔಷಧಿ ಅದು."

"ತಣ್ಣಗೆ ಮಾಡೂ ಔಷಧಿ ನಾ ಎಲ್ಲೂ ಕೇಳ್ಲಿಲ್ಲ." ಬೊಮ್ಮು ಗೋಡೆಗೆ ಒರಗಿದ. "ತಂಪು ಕಾಲಿಂದ ಏರ್ತದೆ, ಎದೆಗೆ ಬಂದ್ರೆ ಮುಗೀತು. ಅಪ್ಪಂಗೂ ಹಂಗೇ ಆಗಿತ್ತು. ನಿಂಗೆ ಗೊತ್ತದೆ."

ಗೊತ್ತಿತ್ತು. ಬೊಮ್ಮುವನ್ನು ಕಟುಕ ಎಂದು ಯಾರೂ ತಿಳಿಯಬಾರದು. ಅವರ ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಿದ್ದ. ಹೊರಗೆ ಸತ್ತವರ ದೇಹವನ್ನು ಮನೆಯೊಳಗೆ ತರುವ ಹಾಗಿಲ್ಲ ಎಂಬುದು ಅವರ ಮನೆತನದ ಕಟ್ಟಳೆ. ತಾನೇ ಕಲ್ಲು ಹೊತ್ತು ಕಟ್ಟಿದ ಮನೆಯ ಹೊಸಿಲಾಚೆ, ಅಂಗಳದಲ್ಲಿ, ಆಷಾಢದ ಮಳೆಗೆ ಒಂದು ತಾಡಪತ್ರಿ ಹೊದ್ದು ಮುದುಕ ರಾತ್ರಿಯೆಲ್ಲ ಮಲಗಿದ್ದ. ಬೊಮ್ಮು ಆ ತಾಡಪತ್ರಿಯ ತುದಿ ಹಿಡಿದು ಕೂತವನು. ತಮ್ಮನಿಗೂ ಅದೇ ಗತಿ ಬರಬಾರದು ಎಂಬುದಷ್ಟೇ ಅವನ ಆಸೆ.

"ಉಸ್ರು ಇರೂ ತಂಕ ಮನಿಗೆ ತಕಂಡ್ ಹೋಗ್ವ," ಎಂದ. "ಒಳ್ಗೆ ಮಲ್ಗಿಸ್ವ. ಬಾಯಿಗೆ ನಾಕ್ ಹನಿ ನೀರಾರೂ ಬಿಡ್ವ. ಆ ಪುಣ್ಯ ಆದ್ರೂ ಬೇಡ್ವಾ ಅವಂಗೆ?"

"ಶನ್ವಾರದ್ ತಂಕ ತಡ್ಕ ಬಾವ. ನಿನ್ ಕಾಲಿಗ್ ಬೀಳ್ತೆ."

ಬೊಮ್ಮು ಕಾಲು ಹಿಂದಕ್ಕೆ ಎಳೆದುಕೊಂಡ. ಕಡೆಗೆ, "ಶನ್ವಾರ ಮಧ್ಯಾನ ಗಾಡಿ ತತ್ತೆ," ಎಂದ. "ಅಲ್ಲಿಂದ್ ಮುಂದೆ ನಂಗೆ ಹೇಳ್ಬೇಡ."

ಬುಧವಾರ ಮೈ ಬೆಚ್ಚಗಾಯಿತು, ನಿದ್ದೆಯ ಔಷಧಿ ನಿಲ್ಲಿಸಿದರು. ಕಮಲಿ ಆ ಐದು ನಿಮಿಷದಲ್ಲಿ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಪಾದ ಬೆಚ್ಚಗಿತ್ತು. ಅಷ್ಟಕ್ಕೇ ಅವಳಿಗೆ ಸ್ವರ್ಗ ಕಂಡಂತಾಯಿತು. ಗುರುವಾರ ಬಂತು, ಅವನು ಏಳಲಿಲ್ಲ. ಬಾಯೊಳಗಿನ ನಳಿಕೆ, ಉಸಿರಿನ ಮಶೀನು, ಹಸಿರು ಗೆರೆ ಎಲ್ಲ ಇದ್ದಲ್ಲೇ ಇದ್ದವು. ಶುಕ್ರವಾರವೂ ಏಳಲಿಲ್ಲ. "ಕಿಡ್ನಿ ಸ್ವಲ್ಪ ಸೋತಿದೆ, ಔಷಧಿ ಮೈಯಿಂದ ಇಳಿಯೋದು ತಡ ಆಗಬಹುದು," ಎಂದರು ಡಾಕ್ಟರು. ಆದರೆ ಅವರು ಈಗ ಮಾತಾಡುವಾಗ ಕಮಲಿಯ ಮುಖ ನೋಡುತ್ತಿರಲಿಲ್ಲ. ಮೂವತ್ತು ವರ್ಷ ಪೇಟೆಯಲ್ಲಿ ಬಸಳೆ, ಬದನೆ ಮಾರಿದವಳಿಗೆ ಮುಖ ತಪ್ಪಿಸುವ ಗಿರಾಕಿಯ ಅರ್ಥ ಗೊತ್ತಾಗದೆ ಇರುತ್ತದೆಯೇ.

ಶನಿವಾರ ಮಧ್ಯಾಹ್ನ ಬೊಮ್ಮು ಗಾಡಿ ತಂದ, ಸಂಗಡ ಕೊಪ್ಪದ ಇಬ್ಬರು ಗಂಡಸರು. ಮನೆಗೆ ಒಯ್ಯುವುದಾದರೆ ಹೆಂಡತಿ ಹೆಬ್ಬೆಟ್ಟು ಒತ್ತಬೇಕು ಎಂದು ಕೌಂಟರಿನವರು ಕಾಗದ ಕೊಟ್ಟಿದ್ದರು. ಬೊಮ್ಮು ಅದನ್ನು ಕಮಲಿಯ ಮಡಿಲಿಗೆ ಹಾಕಿದ.

"ನಾಗುಗೆ ಒಳ್ಗಿನ್ ಕೋಣೆ ಸಾರ್ಸಿ ಇಡೂಕೆ ಹೇಳ್ದೆ," ಎಂದ. ಅವನ ದನಿ ಒಡೆದಿತ್ತು. "ಹಟ ಸಾಕ್ ಮಾಡೆ ತಂಗೀ. ನಂಗೂ ಅವ ಒಬ್ನೇ ತಮ್ಮ."

ಕಮಲಿಗೆ ಆಗ ಮೊದಲ ಬಾರಿ ಸಾಕು ಅನ್ನಿಸಿತು. ಐದು ದಿನದಿಂದ ಬೆನ್ನು ನೆಲಕ್ಕೆ ತಾಗಿಸಿರಲಿಲ್ಲ. ಸಗಣಿ ಸಾರಿಸಿದ ಕೋಣೆಯ ತಂಪು, ಚಾಪೆ, ಅವನ ತಲೆಯ ಹತ್ತಿರ ದೀಪ, ಎಲ್ಲ ಕಣ್ಣಿಗೆ ಕಟ್ಟಿತು. ಅವಳು ಮಸಿಯ ಡಬ್ಬಿ ತೆಗೆದುಕೊಂಡಳು. ಬೆರಳು ಅದ್ದಿಯೂ ಆಗಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ದೀಪಾಲಿ, "ಡಾಕ್ಟ್ರು ಬಂದ್ರು, ಕೊನೇ ಸಲ ನೋಡ್ತಾರಂತೆ, ನೀವು ಒಳಗೆ ಬನ್ನಿ," ಎಂದಳು. ಕಮಲಿ ಮಸಿ ಹಚ್ಚಿದ ಬೆರಳನ್ನು ಎತ್ತಿ ಹಿಡಿದುಕೊಂಡೇ ಒಳಗೆ ಹೋದಳು.

ಡಾಕ್ಟರ್ ಸುಜಯ ಅವನ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. "ಪಾಪೆ ಆಡ್ತಾ ಇದೆ," ಎಂದು ತಮಗೆ ತಾವೇ ಹೇಳಿಕೊಂಡರು. ಉಗುರಿನ ಮೇಲೆ ಪೆನ್ನು ಒತ್ತಿದರು. ಕೈ ಒಂದಿಷ್ಟು ಮಿಸುಕಿದಂತಾಯಿತು, ಅಷ್ಟೇ. ಆಮೇಲೆ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಕರೆದರು.

"ಮಹಾಬಲೇಶ್ವರ. ಮಹಾಬಲೇಶ್ವರ, ಕಣ್ಣು ಬಿಡಿ."

ಏನೂ ಆಗಲಿಲ್ಲ.

"ಮೂರು ದಿನದಿಂದ ಗಂಟೆಗೊಂದ್ ಸಲ ಕರೀತಾ ಇದ್ದೇವೆ ಸರ್," ಎಂದಳು ದೀಪಾಲಿ. "ಒಂದ್ಸಲನೂ ಉತ್ತರ ಇಲ್ಲ."

ಮೂರು ದಿನದಿಂದ, ಗಂಟೆಗೊಮ್ಮೆ, ಇವರು ಯಾರನ್ನು ಕರೆಯುತ್ತಿದ್ದರು? ಅವಳ ಗಂಡ ಎಚ್ಚರಾಗಿದ್ದಾಗಲೂ ಆ ಹೆಸರಿಗೆ ತಿರುಗಿದವನಲ್ಲ. ರೇಶನ್ ಅಂಗಡಿಯವನು ಕೂಗಿದರೆ ಇವಳೇ ಅವನ ಬೆನ್ನಿಗೆ ತಿವಿದು "ನಿಮ್ಮನ್ನೇ" ಎನ್ನಬೇಕಿತ್ತು. ಕಾರ್ಡು ಕೊಟ್ಟವಳು ತಾನು. ಬಾಯಿ ಮುಚ್ಚಿಕೊಂಡವಳು ತಾನು. ತನ್ನ ಒಂದು ಮೌನಕ್ಕೆ ಗಂಡ ಮೂರು ದಿನ ಕರೆಯೇ ಇಲ್ಲದೆ ಆ ಕತ್ತಲಲ್ಲಿ ಬಿದ್ದಿದ್ದನಲ್ಲ.

"ಅದಲ್ಲ," ಎಂದಳು. "ಬಾಯೀ, ಅದಲ್ಲ ಅವ್ರ್ ಹೆಸ್ರು. ಅದು ಕಾರ್ಡಿಂದು."

"ಮತ್ತೆ ಯಾವ್ದು?"

ಕಮಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಗುರ್ವಾರದ ಮಾರ್ನೇ ದಿವ್ಸ," ಎಂದಳು ಕಡೆಗೆ.

ದೀಪಾಲಿ ಕಣ್ಣು ಪಿಳಿಪಿಳಿ ಬಿಟ್ಟಳು. "ಶುಕ್ರವಾರ?" ಎಂದಳು. ಮರುಗಳಿಗೆ ಅವಳಿಗೆ ಹೊಳೆಯಿತು. ಅವಳ ಅಜ್ಜಿಯೂ ಹೀಗೆಯೇ ಅಜ್ಜನ ಹೆಸರನ್ನು ಸುತ್ತು ಬಳಸಿ ಹೇಳುತ್ತಿದ್ದವಳು. "ಸುಕ್ರ ಅಂತನಾ?"

ಕಮಲಿ ಹೌದೆಂದು ತಲೆಯಾಡಿಸಿದಳು. ದೀಪಾಲಿ ಬಗ್ಗಿ ಕರೆದಳು, ಡಾಕ್ಟರೂ ಕರೆದರು. ರೆಪ್ಪೆಯ ಅಂಚು ಅದುರಿತೇ, ಗಾಳಿಗೆ ಹಾಗೆ ಕಂಡಿತೇ, ಹೇಳುವುದು ಕಷ್ಟ. ಡಾಕ್ಟರು ನೆಟ್ಟಗೆ ನಿಂತು ಕಮಲಿಯ ಮುಖ ನೋಡಿದರು. ಎರಡು ದಿನದ ಮೇಲೆ ಮೊದಲ ಸಲ ನೋಡಿದ್ದು.

"ನಮ್ಮ ದನಿ ಇವರಿಗೆ ಪರಿಚಯ ಇಲ್ಲ ಅಮ್ಮ. ನೀವು ಕರೀರಿ. ಜೋರಾಗಿ, ಹೆಸರು ಹಿಡಿದು."

"ಆಗೂದಿಲ್ಲ ಸಾಹೇಬ್ರೆ. ನಾ ಹೇಳ್ದೆ ಅಂದ್ರೆ..."

ಹೇಳಿದರೆ ಸಾವನ್ನು ಕೈಯಾರೆ ಕರೆದಂತೆ. ಹೇಳದಿದ್ದರೆ ಹೊರಗೆ ಗಾಡಿ ನಿಂತಿದೆ. ಅತ್ತ ದರಿ, ಇತ್ತ ಪುಲಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅವಳು ಮಂಚದ ಕಂಬಿ ಹಿಡಿದು ನಿಂತಳು. ಹೆಬ್ಬೆರಳಿನ ಮಸಿ ಕಂಬಿಗೆ ಹತ್ತಿತು. ಅದನ್ನು ನೋಡುತ್ತ ನೋಡುತ್ತ ಅವಳಿಗೆ ಯಾರ ಮೇಲೋ ತಡೆಯಲಾರದ ಸಿಟ್ಟು ಬಂತು. ಅತ್ತೆಯ ಮೇಲೋ, ಮಾಸ್ತರರ ಮೇಲೋ, ಹೇಳದೆ ಕೇಳದೆ ನಡುಬೀದಿಯಲ್ಲಿ ಬಿದ್ದ ಇವನ ಮೇಲೋ. ಬೆರಳಿಗೆ ಮಸಿ ಹಚ್ಚಿಯೇ ಆಗಿದೆ, ಇನ್ನು ಯಾವ ಆಯುಷ್ಯ ಸವೆಯುವುದಕ್ಕೆ ಬಾಕಿ ಇದೆ ಅನ್ನಿಸಿತು.

"ಸುಕ್ರಾ," ಎಂದಳು.

ಪಿಸುಮಾತಿನಷ್ಟು ಸಣ್ಣ ದನಿ. ಡಾಕ್ಟರು, "ಇನ್ನೂ ಜೋರು," ಎಂದರು.

"ಸುಕ್ರಾ."

ಹಸಿರು ಗೆರೆ ತನ್ನ ಪಾಡಿಗೆ ಏರಿತು, ಇಳಿಯಿತು. ಮುಖದಲ್ಲಿ ಏನೂ ಇಲ್ಲ. ಡಾಕ್ಟರು ಒಂದು ನಿಮಿಷ ಕಾದರು, ಕಾಗದದ ಕಡೆ ತಿರುಗಿದರು. ದೀಪಾಲಿ ಕಮಲಿಯ ಹೆಗಲಿನ ಮೇಲೆ ಕೈ ಇಟ್ಟಳು. ಆ ಕೈಯ ಅರ್ಥ ಕಮಲಿಗೆ ಗೊತ್ತಾಯಿತು. ಅವಳು ಅದನ್ನು ಕೊಡವಿದಳು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವಾಗ ಎದೆಯಿಂದ ತೆಗೆಯುತ್ತಾರಲ್ಲ, ಆ ದನಿ ತೆಗೆದಳು.

"ಸುಕ್ರಾ! ಎದ್ಕಳಾ ಸುಕ್ರಾ! ಬಾವ ಗಾಡಿ ತಂದ್ಕಂಡ್ ನಿಂತ್ಕಂಡಾನೆ, ಕೇಳ್ತಾ? ಭಾರತಿ ಕೂಸಿನ್ ಮುಖ ನೋಡ್ದೇ ಹೋತ್ಯಾ? ಸುಕ್ರಾ!"

ಅಕ್ಕಪಕ್ಕದ ಮಂಚಗಳ ನರ್ಸುಗಳು ಓಡಿ ಬಂದರು. ಅವಳು ನಿಲ್ಲಿಸಲಿಲ್ಲ. ಇಪ್ಪತ್ತಾರು ವರ್ಷ ಹಲ್ಲಿನ ಹಿಂದೆ ಹಿಡಿದಿಟ್ಟ ಹೆಸರು, ಒಮ್ಮೆ ಹೊರಬಿದ್ದ ಮೇಲೆ ನಿಲ್ಲುವುದಾದರೂ ಹೇಗೆ. ಬೈದಳು, ಬೇಡಿದಳು, ಮತ್ತೆ ಕರೆದಳು. ಎಷ್ಟನೇ ಸಲಕ್ಕೋ ಅವನ ಹುಬ್ಬು ಗಂಟಾಯಿತು. ಮಧ್ಯಾಹ್ನದ ನಿದ್ದೆಯಲ್ಲಿ ಎಬ್ಬಿಸಿದರೆ ಗಂಟಾಗುತ್ತಿತ್ತಲ್ಲ, ಅದೇ ಗಂಟು. ರೆಪ್ಪೆ ಅರ್ಧ ತೆರೆಯಿತು.

"ಎಲ್ಲರೂ ಸುಮ್ಮನಿರಿ," ಎಂದರು ಡಾಕ್ಟರು. "ಅಮ್ಮ, ಹೆಬ್ಬೆರಳು ಎತ್ತಲು ಹೇಳಿ."

"ಸುಕ್ರಾ, ಹೆಬ್ಬೆಟ್ ಎತ್ತಾ."

ಬಹಳ ಹೊತ್ತು ಹಿಡಿಯಿತು. ಹಾಸಿಗೆಯ ಮೇಲಿದ್ದ ಬಲಗೈಯ ಹೆಬ್ಬೆರಳು, ಇನ್ನು ಯಾವ ಬೆರಳೂ ಅಲ್ಲ, ಅದೊಂದೇ, ನಡುಗುತ್ತ ಮೇಲೆದ್ದಿತು.

ಡಾಕ್ಟರ್ ಸುಜಯ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಶುರು ಮಾತ್ರ ಅಮ್ಮ. ಮಾತು, ನಡಿಗೆ, ನೆನಪು, ಎಷ್ಟು ಬರ್ತದೆ ಅಂತ ಈಗ ಹೇಳೂಕಾಗೂದಿಲ್ಲ. ಆದರೆ ಕೇಳಿಸ್ಕೊಂಡ್ರು. ತಿಳ್ಕೊಂಡ್ರು." ತಮಗೇ ತಿಳಿಯದೆ ಅವರೂ ಊರಿನ ಮಾತಿಗೆ ಇಳಿದಿದ್ದರು.

ಕಮಲಿ ಹೊರಗೆ ಬಂದಳು. ಬೊಮ್ಮು ನೆಲದ ಮೇಲೆ ಕೂತಿದ್ದ, ತಲೆಯ ಮುಂಡಾಸು ಬಿಚ್ಚಿ ಮಡಿಲಲ್ಲಿ ಬಿದ್ದಿತ್ತು. ಕೊಪ್ಪದ ಇಬ್ಬರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಬೊಮ್ಮುವಿನ ಕೈಯಲ್ಲಿ ಫೋನಿತ್ತು.

"ಆಯ್ತು ಕಮಲೀ," ಎಂದ. ಕಣ್ಣೀರು ಗಡ್ಡದಿಂದ ಇಳಿಯುತ್ತಿತ್ತು. "ಕೇಳ್ತು ನಂಗೆ. ಊರಿಗೆ ಫೋನ್ ಹಾಕ್ದೆ. ಎಲ್ಲಾ ಮನೀಲೂ ಒಲೆ ಆರ್ಸಿದ್ರು. ಒಳ್ಗೆ ಮಲ್ಗಿಸೂ ಪುಣ್ಯನೂ ಇಲ್ದೆ ಹೋಯ್ತು ಅವಂಗೆ. ಅಪ್ಪನ್ ಹಾಂಗೇ ಅಂಗಳಕ್ಕೆ..."

ಕಮಲಿಗೆ ಅವನು ಏನು ಹೇಳುತ್ತಿದ್ದಾನೆ ಎಂಬುದು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಅವನ ಎದುರು ಕುಕ್ಕರಿಸಿದಳು.

"ಅತ್ತದ್ದಲ್ಲ ಬಾವ," ಎಂದಳು. "ಕರ್ದದ್ದು."

ಬೊಮ್ಮು ಬಾಯಿ ತೆರೆದು ಅವಳನ್ನೇ ನೋಡಿದ. "ಹೆಸ್ರು ಹೇಳ್ದ್ಯಲೆ ನೀನು."

"ಹೇಳ್ದೆ. ಓಗೊಟ್ಟ. ಹೆಬ್ಬೆಟ್ ಎತ್ದ." ಅವಳು ತನ್ನ ಮಸಿ ಹತ್ತಿದ ಹೆಬ್ಬೆರಳನ್ನೇ ಎತ್ತಿ ತೋರಿಸಿದಳು. "ಫೋನ್ ಹಚ್ಚಿ ಕೊಡು."

ಬೊಮ್ಮು ಎರಡು ಸಲ ನಂಬರು ತಪ್ಪಿ ಒತ್ತಿದ. ಮೂರನೇ ಸಲಕ್ಕೆ ಹೋಯಿತು. ಆ ಕಡೆ ನಾಗು ಎತ್ತಿದಳು. ಹಿಂದೆ ಹೆಂಗಸರ ಅಳು ಕೇಳಿಸುತ್ತಿತ್ತು.

"ನಾಗು," ಎಂದಳು ಕಮಲಿ. "ಒಲೆ ಹಚ್ಚೆ."

"ಎಂತ ಹೇಳ್ತ್ಯೆ ಕಮಲೀ? ಇವತ್ತು ಒಲೆ ಹಚ್ಚೂದಾ?"

"ಹಚ್ಚು. ಎಲ್ಲಾ ಮನೀಗೂ ಹೇಳು. ಸುಕ್ರ ಕಣ್ಣ್ ಬಿಟ್ಟ."

ನಾಗು ಫೋನು ಆರಿಸಲು ಮರೆತು ಅದನ್ನು ಎಲ್ಲೋ ನೆಲಕ್ಕೆ ಇಟ್ಟಿರಬೇಕು. ಆಮೇಲೆ ಒದ್ದೆ ಬೂದಿ ಬಾಚಿ ತೆಗೆಯುವ ಸದ್ದು, ಕಟ್ಟಿಗೆ ಮುರಿಯುವ ಸದ್ದು, ಊದುಗೊಳವೆಯಲ್ಲಿ ನಾಗು ಉಸಿರು ಕಟ್ಟಿ ಊದುವ ಸದ್ದು ಕೇಳಿಸಿತು. ಒಲೆ ಹೊತ್ತಿಕೊಳ್ಳುವ ತನಕ ಕಮಲಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.